ನಲವತ್ತಮೂರು ಎಚ್ಚರಿಕೆಗಳ ಬಾಯಿ ಕಟ್ಟಿದವರು

ಧಾನ್ಯದ ಕಣಜದ ಮುಂದೆ ಗೋಧಿ ಲಾರಿಗಳು ಸಾಲುಗಟ್ಟಿವೆ, ತೂಕದ ಯಂತ್ರ ಸತ್ತುಬಿದ್ದಿದೆ ಎಂಬ ಫೋನು ಅದರ ಸಾಫ್ಟ್‌ವೇರ್ ಮಾಡಿಕೊಟ್ಟ ವಿನಿಪೆಗ್ಗಿನ ಪುಟ್ಟ ಕಂಪನಿಗೆ ಬುಧವಾರ ಬೆಳಗ್ಗೆ ಬಂತು. ಹತ್ತು ಗಂಟೆಗೆಲ್ಲ ಮ್ಯಾನೇಜರ್ ಗ್ರಾಂಟ್ ಅಪರಾಧಿಯನ್ನು ಹಿಡಿದೂ ಆಗಿತ್ತು. ಗಿರಾಕಿಯ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕುವ ಇನ್‌ಸ್ಟಾಲರ್ ಪ್ಯಾಕೇಜು ಕಟ್ಟುವ ರೊವೀನಾಗೆ ಹನ್ನೆರಡಕ್ಕೆ ವಜಾ ಪತ್ರ ಕೊಡುವುದೆಂದು ತೀರ್ಮಾನವಾಯಿತು. ಅದನ್ನು ಹಿಡಿದು ಹೊರಬಿದ್ದರೆ ಅವಳಿಗೆ ಈ ಊರಲ್ಲಿ ಇನ್ಯಾರು ಕೆಲಸ ಕೊಟ್ಟಾರು?

ರೊವೀನಾ ಅಳುತ್ತ ಬಂದದ್ದು ಒರಿಸಿಯಾಳ ಮೇಜಿಗೆ. ಕಂಪನಿಯಲ್ಲಿ ಏನೇ ಕೆಟ್ಟರೂ ಪತ್ತೆ ಹಚ್ಚುವವಳು ಒರಿಸಿಯಾ, ಬೈದುಕೊಂಡೇ ಪತ್ತೆ ಹಚ್ಚುವವಳು. ಪಕ್ಕದ ಮೇಜಿನ ಡೆಲ್ಬರ್ಟ್ ಹನ್ನೊಂದು ವರ್ಷದಿಂದ ಆ ಬೈಗುಳ ತಿಂದೂ ಅವಳನ್ನು ಬಿಟ್ಟುಹೋಗಿರಲಿಲ್ಲ.

"ಅಳೋದು ಆಮೇಲೆ. ಏನಾಯ್ತು ಹೇಳು."

"ರಸೀದಿ ಮುದ್ರಿಸೋ ಭಾಗ ಬೇಡ ಅಂತ ಕಣಜದವ್ರು ಅದನ್ನ ತೆಗೆದುಹಾಕಿದ್ರು. ತೂಕ ಓದೋ ಫೈಲೂ ಅದ್ರ ಜೊತೆ ಅಳಿಸಿಹೋಯ್ತು. ಒಂದೇ ಫೈಲನ್ನ ಎರಡು ಭಾಗದಲ್ಲೂ ಇಟ್ಟಿದ್ವಿ. ಹೀಗೆ ನಲವತ್ತಮೂರು ಕಡೆ ಇದೆ, ಪ್ಯಾಕೇಜು ಕಟ್ಟುವಾಗ ತಪಾಸಣೆಯಲ್ಲಿ ಎಚ್ಚರಿಕೆ ಬರ್ತಿತ್ತು. ಸರಿಮಾಡೋಕೆ ಗ್ರಾಂಟ್ ಹತ್ರ ಅರ್ಧ ದಿನ ಕೇಳಿದ್ದೆ, ಕೊಡ್ಲಿಲ್ಲ. ಈಗ ನೋಡಿದ್ರೆ ಎಚ್ಚರಿಕೆ ಅಡಗಿಸೋ ಒಂದು ಸಾಲು ನನ್ನ ಹೆಸರಲ್ಲೇ ಸೇರಿದೆ! ನಾನು ಬರೆದಿಲ್ಲ, ಒರಿಸಿಯಾ."

"ಯಾವಾಗ ಸೇರಿದ್ದು?"

"ಮಂಗಳವಾರ ಮಧ್ಯಾಹ್ನ. ಎಲ್ರೂ ಐಸ್ ಮೈದಾನಕ್ಕೆ ಕರ್ಲಿಂಗ್ ಆಡೋಕೆ ಹೋಗಿದ್ವಿ. ಮೆಷಿನ್ ತೆರೆದೇ ಬಿಟ್ಟಿದ್ದೆ. ಸಂಜೆ ಅದೇ ಪ್ಯಾಕೇಜು ಕಣಜಕ್ಕೆ ಹೋಯ್ತು."

"ಶಾಭಾಸ್! ಮನೆ ಬಾಗಿಲೂ ಹಾಗೇ ಬಿಟ್ಟು ಬರ್ತೀಯಾ?"

ಆಟಕ್ಕೆ ಹೋಗದೆ ಉಳಿದವರು ಇಬ್ಬರೇ: ಮಂಡಿನೋವಿನ ವೆಂಡೆಲ್, ಮತ್ತು ಗಿರಾಕಿಗಳಿಗೆ ತೋರಿಸುವ ಪ್ಯಾಕೇಜನ್ನು ತಾನೇ ಕಟ್ಟುತ್ತಿದ್ದ ಗ್ರಾಂಟ್. ಡೆಲ್ಬರ್ಟನಿಗೆ ವೆಂಡೆಲ್ ಮೇಲೇ ಗುಮಾನಿ. ಪರೀಕ್ಷೆ ಮಾಡುವುದಷ್ಟೇ ಕೆಲಸವಾದ ಆ ಮನುಷ್ಯ, ಎಚ್ಚರಿಕೆಗಳ ಪಟ್ಟಿ ಕಂಡರೆ ವಾಕರಿಕೆ ಬರುತ್ತದೆ ಎಂದು ದಿನವೂ ಗೊಣಗುತ್ತಿದ್ದ. ಒರಿಸಿಯಾ ಮಾತ್ರ ಗ್ರಾಂಟನ ಮೇಜಿನ ಮೇಲೇನಿದೆ ನೋಡಿ ಬಾ ಎಂದು ಅವನನ್ನು ಅಟ್ಟಿದಳು.

"ಪೆನ್ ಡ್ರೈವುಗಳ ಸಾಲು," ಎಂದ ಡೆಲ್ಬರ್ಟ್ ಬಂದು. "ಮೇಲೆ ಪ್ಯಾಕೇಜಿನ ಆವೃತ್ತಿ ನಂಬರು: ಸೋಮವಾರದ್ದು 4.2, ಮಂಗಳವಾರದ್ದೂ 4.2, ಇವತ್ತಿಂದೂ 4.2. ಆಮೇಲೆ ಆ ಬಹುಮಾನದ ಬೆಳ್ಳಿ ಕಪ್ಪು."

ಗೋಡೆಯ ಫಲಕದಲ್ಲಿ ಪ್ರತಿ ತಂಡದ ಎಚ್ಚರಿಕೆಗಳ ಲೆಕ್ಕ ಕಾಣುತ್ತಿತ್ತು. ಸೊನ್ನೆ ಬಂದ ತಂಡದ ಮ್ಯಾನೇಜರಿಗೆ ಆ ಕಪ್ಪು. ಮಂಗಳವಾರ ಸಂಜೆ ಗ್ರಾಂಟನ ತಂಡಕ್ಕೆ ಸೊನ್ನೆ ಬಂದಿತ್ತು. ದೊಡ್ಡವರ ಆಟ!

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಒಡತಿ ಹಾಲ್ಡರ್ಸನ್ ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದರು. ಪತ್ರ ಮೇಜಿನ ಮೇಲಿತ್ತು.

"ಈ ಸಾಲು ಎರಡು ಬಗೆ ಎಚ್ಚರಿಕೆಗಳನ್ನ ಅಡಗಿಸಿದೆ," ಎಂದಳು ಒರಿಸಿಯಾ. "ಒಂದು, ಫೈಲು ಎರಡು ಕಡೆ ಇದೆ ಅನ್ನೋದು. ಇನ್ನೊಂದು, ಹಳೇ ನಂಬರಿನ ಮೇಲೆ ಅದೇ ನಂಬರಿನ ಪ್ಯಾಕೇಜು ಹಾಕೋಕೆ ಬಿಟ್ಟಾಗ ಬರೋದು. ರೊವೀನಾ ಪ್ರತಿ ಸಲ ನಂಬರು ಏರಿಸ್ತಾಳೆ. ಅವಳ ಹಳೇ ದಾಖಲೆ ಪೂರ್ತಿ ನೋಡಿದೆ, ಈ ಎರಡನೇ ಎಚ್ಚರಿಕೆ ಒಂದೇ ಒಂದು ಸಲವೂ ಬಂದಿಲ್ಲ. ತೆರೆಯದ ಬಾಯಿಗೆ ಬಟ್ಟೆ ಯಾಕೆ ತುರುಕ್ತಾಳೆ? ವೆಂಡೆಲ್ ಅಂತೂ ಪ್ಯಾಕೇಜು ಕಟ್ಟೋದೇ ಇಲ್ಲ. ಬರೀ 4.2 ಮೇಲೆ 4.2 ಹೇರ್ತಾ ಕೂತಿರೋ ಸೋಮಾರಿ ಇಲ್ಲಿ ಒಬ್ಬರೇ. ಆ ಎರಡನೇ ಎಚ್ಚರಿಕೆಯ ಕಾಟ ಇದ್ದದ್ದೂ ಅವರಿಗೇ. ತಮ್ಮ ಮೆಷಿನ್ನಿನ ಸಾಲನ್ನೇ ಎತ್ತಿ ಇವಳದಕ್ಕೆ ಅಂಟಿಸಿದ್ದಾರೆ. ಆ ಎರಡನೇದನ್ನ ಅಳಿಸೋ ಬುದ್ಧಿಯೂ ಇಲ್ಲ! ಅಲ್ವಾ, ಗ್ರಾಂಟ್ ಅವ್ರೇ?"

ಗ್ರಾಂಟ್ ಕೆಂಪಾದ. "ಬರೀ ಎಚ್ಚರಿಕೆ ತಾನೇ ಅದು! ತಪ್ಪು ಅಂತ ಎಲ್ಲಿ ಹೇಳಿತ್ತು?"

"ಥೂ! ಒಂದು ತಗಡಿನ ಕಪ್ಪಿಗಾಗಿ ಹುಡುಗಿಯ ಅನ್ನ ಕಿತ್ಕೊಳ್ಳೋಕೆ ಹೊರಟ್ರಲ್ಲ, ನಾಚಿಕೆ ಆಗಲ್ವಾ?"

ಹಾಲ್ಡರ್ಸನ್ ಮೇಡಂ ಗಡಿಯಾರ ನೋಡಿದರು. "ಹನ್ನೆರಡಾಯ್ತು. ಪತ್ರ ಹೇಗೂ ಸಿದ್ಧ ಇದೆ," ಎಂದು ಪೆನ್ನು ತೆಗೆದು ರೊವೀನಾಳ ಹೆಸರು ಹೊಡೆದು ಗ್ರಾಂಟನ ಹೆಸರು ಬರೆದರು. "ರೊವೀನಾ, ನಿಂಗೇನು ಬೇಕಮ್ಮ?"

"ಅರ್ಧ ದಿನ, ಮೇಡಂ."

ನಲವತ್ತಮೂರೂ ಕಡೆ ಸರಿಮಾಡಿದ ಪ್ಯಾಕೇಜು ಕಣಜ ಸೇರಿ, ಸಂಜೆ ಐದಕ್ಕೆ ಲಾರಿಗಳು ಕದಲಿದವು. ಗೋಡೆಯ ಮೇಲೆ ಸೊನ್ನೆ ಬಂತು, ಈ ಸಲ ಯಾರ ಬಾಯಿಯನ್ನೂ ಕಟ್ಟದೆ. ಕಪ್ಪನ್ನು ಒರಿಸಿಯಾ ತನ್ನ ಮೇಜಿಗೆ ತಂದು ಅದರಲ್ಲಿ ಕಾಫಿ ಚಮಚಗಳನ್ನು ಹಾಕಿಟ್ಟಳು.