ಆರ್ಭಟನ ಕೋಟೆಗೆ ಹಾಡಲು ಹೋದ ಇರುವಂತಿ

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಮಂಜೀರಪುರ ಎಂಬ ರಾಜ್ಯವಿತ್ತು. ಅದರ ಗಡಿಯ ಕೋಟೆಯಲ್ಲಿ ಆರ್ಭಟನೆಂಬ ಮಾಂತ್ರಿಕನಿದ್ದ. ಹಾಡುಗಾರರನ್ನು ಪಂಥಕ್ಕೆ ಕರೆದು, ಸೋತವರ ದನಿಯನ್ನು ಮಣ್ಣಿನ ಗಡಿಗೆಯಲ್ಲಿ ಮುಚ್ಚಿಡುವುದೇ ಅವನ ಕೆಲಸ. ಅರಮನೆಯ ಗಾಯಕ ಕೇತಯ್ಯನೂ ಸೋತು ಮೂಕನಾಗಿ ಮರಳಿದ. ಪುಟ್ಟ ಮಗಳು ಕೊಳದಂಚಿಗೆ ಓಡಿದರೂ ಕೂಗಿ ಕರೆಯಲು ಅವನಿಗಾಗುತ್ತಿರಲಿಲ್ಲ.

ಅದನ್ನು ಕಂಡ ತಂಗಿ ಇರುವಂತಿ, "ಅಣ್ಣನ ದನಿ ನಾನು ತರುತ್ತೇನೆ" ಎಂದಳು. ಜಲಪಾತದೆದುರು ನಿಂತು, ನೀರಿನ ಸದ್ದನ್ನೂ ಮೀರಬೇಕೆಂದು ಕಿರುಚಿ ಕಿರುಚಿ ಹಾಡಿದಳು. ಕೆಲವೇ ದಿನಗಳಲ್ಲಿ ಗಂಟಲು ಕಟ್ಟಿತು. ಮೇಲಿನ ಸ್ವರಕ್ಕೆ ಹೋದರೆ ದನಿ ಸೀಳುತ್ತಿತ್ತು.

ಸೋದರತ್ತೆ ನಾಗಲಾಂಬೆ ಒಂದು ಕಾಲದಲ್ಲಿ ಆಸ್ಥಾನದಲ್ಲಿ ಹಾಡಿದವಳು. "ಇನ್ನು ಮಾತು ಬೇಡ, ಪಿಸುಮಾತೂ ಬೇಡ. ಬೆಚ್ಚನೆ ನೀರು ಕುಡಿ, ಸುಮ್ಮನಿರು. ನೋವು ಪೂರ್ತಿ ಹೋದಮೇಲೆ ಬಾಯಿ ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಟ್ಟು" ಎಂದಳು.

ದನಿ ತುಸು ಮರಳಿದಾಗ ಇರುವಂತಿ ಸಿಡುಕಿದಳು. "ದುಂಬಿ ಯಾವ ಪಂಥ ಗೆದ್ದಿದೆ, ಅತ್ತೆ?"

"ಗೆಲ್ಲೋದು ಆಮೇಲೆ. ಮೊದಲು ಗಂಟಲು ಉಳೀಲಿ."

ಇರುವಂತಿ ಅತ್ತಳು, ಆದರೂ ಮಾಡಿದಳು. ಬೆಳಗಿನ ಹೊತ್ತು ಮಂದ್ರದ ಕೆಳಸ್ವರಗಳು, ಆಮೇಲೆ ಒಂದೇ ಉಸಿರಿನಲ್ಲಿ ಎಳೆದ ಅಕಾರ, ಕೊನೆಗೆ ನಿಧಾನವಾಗಿ ಮೇಲಕ್ಕೆ. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಆಗ ಅತ್ತೆ, "ಈಗ ಹೋಗು" ಎಂದಳು.

ಕೋಟೆಯ ಮೊದಲ ಬಾಗಿಲಲ್ಲಿ ನಿದ್ದೆಯೇ ಬಾರದ ಸಿಂಹವಿತ್ತು. ಜೋರಾಗಿ ಹಾಡಿದವರ ಮೇಲೆ ಅದು ಎರಗುತ್ತಿತ್ತು. ಇರುವಂತಿ ಬಾಯಿ ಮುಚ್ಚಿ ಗುಂಯ್‌ಗುಟ್ಟಿದಳು. ಸಿಂಹ ಆಕಳಿಸಿ ಮಲಗಿತು.

ಎರಡನೆಯ ಬಾಗಿಲಿನ ಮುಂದೆ ಆಳವಾದ ಕಂದಕ. ಒಂದು ಸ್ವರ ಹಿಡಿದರೆ ಕಂದಕದ ಮೇಲೆ ಸೇತುವೆ ಮೂಡುತ್ತಿತ್ತು, ಉಸಿರು ಕಡಿದರೆ ಮಾಯವಾಗುತ್ತಿತ್ತು. ಇರುವಂತಿ ಒಂದೇ ಉಸಿರಿನಲ್ಲಿ ಸ್ವರ ಎಳೆಯುತ್ತ ನಡೆದಳು. ಆಚೆ ದಡ ಮುಟ್ಟಿದಳು.

ಮೂರನೆಯ ಬಾಗಿಲಲ್ಲಿ ಆರ್ಭಟನೇ ಕೂತಿದ್ದ. "ಸೂರ್ಯ ಮುಳುಗೋವರೆಗೆ ಹಾಡಬೇಕು. ಯಾರ ದನಿ ಉಳಿಯುತ್ತದೋ ಅವರದೇ ಗೆಲುವು" ಎಂದವನೇ ತಾರಸ್ಥಾಯಿಯಲ್ಲಿ ಅಬ್ಬರಿಸಿದ. ಗೋಡೆಯ ಕಲ್ಲುಗಳು ಉದುರಿದವು.

ಇರುವಂತಿ ಮೆಲ್ಲಗೆ ಕೆಳಸ್ವರದಿಂದ ಶುರುಮಾಡಿದಳು.

"ಇದೇನು, ತೊಟ್ಟಿಲು ತೂಗ್ತಿದ್ದೀಯಾ?" ಎಂದು ಆರ್ಭಟ ನಕ್ಕ.

ಅವಳ ಮೈ ಉರಿಯಿತು. ಅವನಿಗಿಂತ ಜೋರಾಗಿ ಕೂಗಿದಳು. ಗಂಟಲಲ್ಲಿ ಮುಳ್ಳು ಚುಚ್ಚಿದಂತಾಯಿತು. ಕೂಡಲೇ ಸ್ವರ ಇಳಿಸಿ, ಒಂದು ಗುಟುಕು ನೀರು ಕುಡಿದು, ತನ್ನ ದಾರಿಯಲ್ಲೇ ಹಾಡಿದಳು.

ಮಧ್ಯಾಹ್ನ ಆರ್ಭಟನ ದನಿ ಒಡೆಯಿತು. ಸೂರ್ಯ ಬಾಗುವಾಗ ಅವನ ಬಾಯಿಂದ ಬರೀ ಗಾಳಿ ಬಂತು. ಅವಳನ್ನು ಕಲ್ಲಾಗಿಸಲು ಮಂತ್ರ ಹೇಳಹೊರಟ. ತುಟಿ ಆಡಿತು, ಸದ್ದು ಹೊರಡಲಿಲ್ಲ. ಸದ್ದಿಲ್ಲದ ಮಂತ್ರಕ್ಕೆ ಬಲವೆಲ್ಲಿ?

ಆಗ ಇರುವಂತಿ, ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ಮೇಲಿನ ಷಡ್ಜವನ್ನು ಮುಟ್ಟಿ ನಿಲ್ಲಿಸಿದಳು. ಗಡಿಗೆಗಳೆಲ್ಲ ಒಡೆದವು. ದನಿಗಳು ಹಕ್ಕಿಗಳಂತೆ ಎದ್ದು ತಮ್ಮ ತಮ್ಮ ಮನೆಗೆ ಹಾರಿದವು.

ಮಾಯೆ ಕಳೆದುಕೊಂಡ ಆರ್ಭಟ ಅರಮನೆಯ ತೋಟಕ್ಕೆ ನೀರು ಹಾಯಿಸುತ್ತ ಉಳಿದ. ರಾಜ ಇರುವಂತಿಯನ್ನು ಆಸ್ಥಾನದ ಗಾಯಕಿಯಾಗಿ ಮಾಡಿದ. ಅಣ್ಣತಂಗಿ ಜೊತೆಯಾಗಿ ಹಾಡಿದ ಸಂಜೆ ಮಂಜೀರಪುರದ ಯಾವ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಊರಿಗೆ ಊರೇ ಅರಮನೆಯಲ್ಲಿ ಉಂಡಿತು, ಬಹುಕಾಲ ನೆಮ್ಮದಿಯಾಗಿ ಬಾಳಿತು.