ಬೇಸ್ ಸಾಲಿನ ಮೂರನೆಯವನು

ಹಿಂದಿನ ಕಾರು ಮೂರನೇ ಸಲ ಗುದ್ದಿತು.

ಧಡ್!

ನನ್ನ ವ್ಯಾನಿನ ಹಿಂಬಾಗಿಲು ಕಿತ್ತುಕೊಂಡು ಹೋಯಿತು. ಎಡಕ್ಕೆ ಬೆಟ್ಟ. ಬಲಕ್ಕೆ ಇನ್ನೂರು ಅಡಿ ಕಂದಕ... ಅದರ ತಳದಲ್ಲಿ ಮುಚ್ಚಿಹೋದ ಕಲ್ಲಿದ್ದಲು ಗಣಿ. ನಮ್ಮಜ್ಜ ಸತ್ತಿದ್ದು ಅಲ್ಲೇ. ವಂಶಕ್ಕೆ ಒಬ್ಬ ಸಾಕು ಅಂದುಕೊಂಡೆ.

ಫೋನ್ ಬಡಿದುಕೊಂಡಿತು. ಹಿಂದಿನ ಕಾರಿನವನೇ. ಡೆಂಜಿಲ್. ಕುತ್ತಿಗೆಯೇ ಇಲ್ಲದ ಆಸಾಮಿ. ರಗ್ಬಿ ಬಿಟ್ಟ ಮೇಲೂ ಗುದ್ದುವುದನ್ನು ಬಿಟ್ಟಿರಲಿಲ್ಲ.

"ಇಡ್ವಾಲ್, ಗಾಡಿ ನಿಲ್ಸು. ಆ ಕಾಗದ ಕೊಟ್ಟು ಮನೆಗೋಗಿ ಊಟ ಮಾಡು."

"ಊಟ ಆಯ್ತು ಕಣೋ."

"ಹಲ್ಲು ಉದುರಿಸ್ತೀನಿ!"

"ಅರ್ಧ ಆಗ್ಲೇ ಉದುರಿದಾವೆ. ಮಿಕ್ಕಿದ್ದಕ್ಕೆ ಡಾಕ್ಟರ್ ಹತ್ರ ಹೆಸರು ಬರೆಸಿದೀನಿ. ಮುಂದಿನ ವರ್ಷ ಕರೀತಾರಂತೆ. ಲೈನಲ್ಲಿ ನಿಂತ್ಕೋ."

ಫೋನ್ ಕಿಟಕಿಯಿಂದಾಚೆ ಎಸೆದೆ.

ಕೋಟಿನ ಒಳಜೇಬಿನಲ್ಲಿ ಒಂದೇ ಒಂದು ಹಾಳೆ. ಅದಕ್ಕೇ ಇಷ್ಟೆಲ್ಲ.

ಕೇಳಿ. ನಮ್ಮ ಕಣಿವೆಯಲ್ಲಿ ಹನ್ನೆರಡು ಮನೆಗಳ ಒಂದು ಬೀದಿಯಿದೆ. ಹನ್ನೆರಡು ಜನ ಗಣಿಯವರು ಪಾಳಿ ಮುಗಿಸಿ ಬಂದು, ಮಸಿ ಮುಖದಲ್ಲೇ ಕಲ್ಲು ಹೊತ್ತು ಕಟ್ಟಿದ್ದು. ಕಲ್ಲು ಅವರದು. ಬೆವರು ಅವರದು. ನೆಲ ಮಾತ್ರ ಜಮೀನ್ದಾರನದು. ತೊಂಬತ್ತೊಂಬತ್ತು ವರ್ಷದ ಲೀಸ್. ಲೀಸ್ ಮುಗಿದರೆ ನೆಲ ವಾಪಸ್. ನೆಲದ ಮೇಲೆ ನಿಂತ ಮನೆಯೂ ಅದರ ಜೊತೆಗೆ!

ಕಟ್ಟಿದವನ ಮೊಮ್ಮಗಳು ಬೀದಿಗೆ. ಆ ಲೀಸ್ ಬರೆದವನ ಕೈಗೆ ಹುಳ ಬೀಳಲಿ.

ಆ ಮೊಮ್ಮಗಳು ಡೆಲಿತ್ ಬೇನನ್. ಶಾಲೆಯ ಅಡುಗೆಯವಳು. ಅವಳಿಗೆ ಉಳಿದಿರುವುದು ಒಂದೇ ದಾರಿ. ಮನೆಯ ಕೆಳಗಿನ ನೆಲವನ್ನು ನಾನೇ ಕೊಳ್ಳುತ್ತೇನೆ ಎಂದು ನೋಟಿಸ್ ಕೊಡುವುದು. ಕಾನೂನು ಆ ಹಕ್ಕು ಕೊಟ್ಟಿದೆ. ಆದರೆ ಮಾಲೀಕರ ಕಡೆಯಿಂದ 'ಖಾಲಿ ಮಾಡಿ' ಎಂದು ಪತ್ರ ಬಂದ ಎರಡೇ ತಿಂಗಳೊಳಗೆ ಅದು ಅವರ ಕೈ ಸೇರಬೇಕು. ಒಂದು ದಿನ ತಪ್ಪಿದರೂ ಮುಗಿಯಿತು.

ಈಗಿನ ಮಾಲೀಕರು ಲಂಡನ್ನಿನ ಯಾವುದೋ ಕಂಪನಿ. ಬೀದಿಗೆ ಬೀದಿಯನ್ನೇ ಹರಾಜಿನಲ್ಲಿ ಕೊಂಡವರು. ಅವರ ಏಜೆಂಟ್ ನಮ್ಮೂರಿನವನೇ... ಮಾಲ್ಡ್‌ವಿನ್ ಪ್ರೋಸರ್. 'ಏನಿದ್ದರೂ ನನಗೇ ತಲುಪಿಸಿ' ಎಂದು ಬರೆದು ಸಹಿ ಹಾಕಿದ. ಮಾರನೇ ದಿನ ಆಫೀಸಿಗೆ ಬೀಗ ಜಡಿದು ಮಾಯವಾದ! ವಕೀಲರು ಕಳಿಸಿದ ಮೂರು ರಿಜಿಸ್ಟರ್ಡ್ ಪತ್ರ ವಾಪಸ್ ಬಂದವು.

ಇವತ್ತು ಕೊನೆಯ ದಿನ.

ಅವನ ಆಟಗಳು ನನಗೆ ಹೇಗೆ ಗೊತ್ತು ಅಂತೀರಾ? ಹನ್ನೊಂದು ವರ್ಷ ಅವನ ಕಾಗದಗಳನ್ನು ಹೊತ್ತವನೇ ನಾನು. ಒಲೆಯ ಮೇಲೆ ಕುರಿಮಾಂಸದ ಸೂಪು ಕುದಿಯುತ್ತಿದ್ದ ಮನೆಗೆ ಬೀಗ ಹಾಕಿದ್ದೇನೆ. ಮನೆಯವಳು 'ಉರಿಯಾದರೂ ಆರಿಸಿ ಬರ್ತೀನಿ' ಅಂದಳು. ಬಿಡಲಿಲ್ಲ. ನಾನೇ ಹೋಗಿ ಆರಿಸಿದೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಅವತ್ತಿನಿಂದ ಸೂಪು ಮುಟ್ಟಿಲ್ಲ. ಕನ್ನಡಿಯನ್ನೂ ಅಷ್ಟಾಗಿ ನೋಡುವುದಿಲ್ಲ.

ಎರಡು ತಿಂಗಳು ಮಾಲ್ಡ್‌ವಿನ್‌ನನ್ನು ಹುಡುಕಿದೆ. ಸಿಗಲಿಲ್ಲ. ನಿನ್ನೆ ಡೆಲಿತ್ ಆಲೂಗಡ್ಡೆ ಸುಲಿಯುತ್ತಾ ತಟ್ಟನೆ ಕೈ ನಿಲ್ಲಿಸಿದಳು.

"ಇಡ್ವಾಲ್, ನಾಳೆ ಗರಿಗಳ ಭಾನುವಾರ!"

"ಆದ್ರೆ?"

"ಅಯ್ಯೋ ಪೆದ್ದ! ಬೆಥೆಸ್ಡಾ ಚಾಪೆಲ್‌ನಲ್ಲಿ ಹಾಡೋ ದಿನ. ಮಾಲ್ಡ್‌ವಿನ್ ಬರದೇ ಇರ್ತಾನಾ?"

ಹೌದಲ್ಲ! ಆ ದಿನ ಕಣಿವೆಯ ಅಷ್ಟೂ ಚಾಪೆಲ್‌ಗಳ ಜನ ಒಟ್ಟುಗೂಡಿ ಕೀರ್ತನೆ ಹಾಡುತ್ತಾರೆ. ಬೇಸ್ ಸಾಲಿನಲ್ಲಿ, ಅಂದರೆ ತಗ್ಗು ದನಿಯವರ ಸಾಲಿನಲ್ಲಿ, ಮೂರನೆಯ ಜಾಗ ಮೂವತ್ತು ವರ್ಷದಿಂದ ಮಾಲ್ಡ್‌ವಿನ್‌ನದು. ಹೆತ್ತ ತಾಯಿಯ ಮಣ್ಣಿಗೂ ತಡವಾಗಿ ಬಂದವನು. ಇದಕ್ಕೆ ಮಾತ್ರ ಎಂದೂ ತಡವಾಗಿಲ್ಲ.

ಬೆಳಿಗ್ಗೆ ಬೆಟ್ಟದಾಚೆಯ ವಕೀಲರ ಮನೆಗೆ ಹೋಗಿ ನೋಟಿಸ್ ತಂದೆ. ವಾಪಸ್ ಬರುವಾಗ ಮಾಲ್ಡ್‌ವಿನ್‌ನ ಕೈಯಾಳು ಡೆಂಜಿಲ್ ಬೆನ್ನು ಹತ್ತಿದ.

ಮುಂದೆ ಕುರುಡು ತಿರುವು. ಅದರಾಚೆ ಏನಿದೆ ಅಂತ ನನಗೆ ಗೊತ್ತು. ಬಿಸಿಲು ಬಿದ್ದ ದಿನ ಟಾರು ಬೆಚ್ಚಗಿರುತ್ತದೆ... ಬೆಟ್ಟದ ಕುರಿಗಳೆಲ್ಲ ರಸ್ತೆಯ ಮೇಲೇ ಮಲಗಿರುತ್ತವೆ. ಡೆಂಜಿಲ್ ಪೇಟೆಯವನು. ಅವನಿಗೇನು ಗೊತ್ತು?

ತಿರುವಿನ ಮೊದಲೇ ವೇಗ ಇಳಿಸಿ ಬೆಟ್ಟದ ಕಡೆಯ ಹುಲ್ಲಿಗೆ ಹತ್ತಿಸಿದೆ. ಅವನು ಪಕ್ಕದಲ್ಲೇ ಭರ್ರೆಂದು ಮುಂದೆ ಹೋದ.

ಬ್ರೇಕು ಕಿರುಚಿತು!

ನಾನು ದಾಟುವಾಗ ಅವನ ಕಾರು ಚರಂಡಿಯಲ್ಲಿ ಮೂಗು ತೂರಿಸಿತ್ತು. ಒಂದು ಕುರಿಯೂ ಎದ್ದಿರಲಿಲ್ಲ. ಡೆಂಜಿಲ್ ಅವಕ್ಕೆ ಬೈಯುತ್ತಿದ್ದ. ಅವು ಮೆಲುಕು ಹಾಕುತ್ತಿದ್ದವು.

ಬೆಥೆಸ್ಡಾ ಮುಟ್ಟಿದಾಗ ಕೊನೆಯ ಕೀರ್ತನೆ ಶುರುವಾಗಿತ್ತು. ಬಾಗಿಲಲ್ಲಿ ಚಾಪೆಲ್‌ನ ಹಿರಿಯರೊಬ್ಬರು. ನನ್ನ ಎದೆಗೆ ಕೈ ಇಟ್ಟರು.

"ಹಾಡು ಮುಗಿಯೋವರೆಗೆ ಯಾರನ್ನೂ ಒಳಗೆ ಬಿಡಲ್ಲ."

"ಹಾಡು ಮುಗಿದ್ರೆ ಅವ್ನು ಹಿಂಬಾಗಿಲಿಂದ ಓಡ್ತಾನೆ ಸ್ವಾಮೀ!"

"ಯಾರು ಓಡಿದ್ರೂ ಅಷ್ಟೆ. ನಿಯಮ ನಿಯಮ."

ಉಪಾಯ ಹೊಳೆಯಲಿಲ್ಲ. ಬಾಯಿ ತೆರೆದೆ... ಹಾಡಿದೆ!

ಮೂರನೇ ಚರಣ. ಅಮ್ಮ ಮಡಿಲಲ್ಲಿ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದು. ಹಾಡುತ್ತಾ ಬರುವವನನ್ನು ತಡೆಯುವ ಹಿರಿಯ ನಮ್ಮ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಎದೆಯ ಮೇಲಿನ ಕೈ ತಾನಾಗಿ ಇಳಿಯಿತು.

ಒಳಗೆ ನಾನೂರು ಗಂಟಲು. ವೇದಿಕೆಯ ಮೇಲೆ ಮೇಡಂ ಟೆಗ್ವೆನ್, ಎಂಬತ್ತರ ಮುದುಕಿ, ಕೈಯಲ್ಲಿ ಹಾಡಿಸುವವರ ಕೋಲು. ಅಲ್ಲಿ... ಬೇಸ್ ಸಾಲಿನ ಮೂರನೆಯ ಜಾಗದಲ್ಲಿ ಮಾಲ್ಡ್‌ವಿನ್! ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು. ನಿಜವಾದ ಕಣ್ಣೀರು. ದೇವರ ಕರುಣೆಯ ಸಾಲು ಬಂದಾಗ ಅವನು ಯಾವಾಗಲೂ ಅಳುತ್ತಾನೆ. ನಂತರ ಅದೇ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು ಯಾರದೋ ಮನೆಗೆ ಬೀಗ ಹಾಕಿಸುತ್ತಾನೆ.

ಹಾಡುತ್ತಲೇ ಅವನತ್ತ ಹೆಜ್ಜೆ ಹಾಕಿದೆ.

ಅವನು ನನ್ನನ್ನು ನೋಡಿದ. ಕಣ್ಣೀರು ನಿಂತಿತು. ಕಣ್ಣು ಹಿಂಬಾಗಿಲಿನತ್ತ ಹೊರಳಿತು. ಕೊನೆಯ ಸಾಲು... ಕೊನೆಯ ಸ್ವರ... ಅವನ ಬಲಗಾಲು ಸಾಲಿನಿಂದ ಆಚೆಗೆ ಬಂತು. ನನಗೂ ಅವನಿಗೂ ನಡುವೆ ಇನ್ನೂ ಎಂಟು ಬೆಂಚು!

ಮೇಡಂ ಟೆಗ್ವೆನ್ ಕೋಲು ಇಳಿಸಲಿಲ್ಲ.

ಇನ್ನೊಮ್ಮೆ!

ನಮ್ಮಲ್ಲಿ ಹಾಗೆಯೇ. ಹಾಡಿಸುವವರ ಮನಸ್ಸು ತುಂಬುವವರೆಗೆ ಕೊನೆಯ ಚರಣ ಮುಗಿಯುವುದಿಲ್ಲ. ಕೋಲು ಮೇಲಿರುವಾಗ ಸಾಲು ಬಿಟ್ಟವನ ಮುಖವನ್ನು ಊರು ಸಾಯುವವರೆಗೂ ನೋಡುವುದಿಲ್ಲ. ಮಾಲ್ಡ್‌ವಿನ್ ಕಾಲು ಒಳಗೆಳೆದುಕೊಂಡ. ಬಾಯಿ ತೆರೆದ.

ನಾಲ್ಕು ಬೆಂಚು ದಾಟಿದೆ. ಚರಣ ಮುಗಿಯಿತು. ಮೇಡಂ ಹುಬ್ಬು ಗಂಟಿಕ್ಕಿದರು.

ಇನ್ನೊಮ್ಮೆ!

ಬೇಸ್ ಸಾಲಿನವರ ಮೊಣಕಾಲು ಸರಿಸುತ್ತಾ, ಅವರ ಜೊತೆಗೇ ಹಾಡುತ್ತಾ ನುಗ್ಗಿದೆ. ಹಾಳೆಯನ್ನು ಬಿಡಿಸಿ ಮಾಲ್ಡ್‌ವಿನ್‌ನ ಕೈಯಲ್ಲಿದ್ದ ಕೀರ್ತನೆ ಪುಸ್ತಕದ ಮೇಲೆ ಇಟ್ಟೆ. ಅವನ ಹೆಬ್ಬೆರಳನ್ನು ಎತ್ತಿ ಅದರ ಮೇಲೆ ಒತ್ತಿದೆ. ಕೆಳಗೆ ಬೀಳಿಸುವ ಹಾಗಿಲ್ಲ. ಪುಸ್ತಕ ಬಿಡುವ ಹಾಗಿಲ್ಲ. ಹಾಡು ನಿಲ್ಲಿಸುವ ಹಾಗೂ ಇಲ್ಲ!

ನೋಟಿಸಿನ ಮೊದಲ ಸಾಲು ಓದುತ್ತಲೇ 'ಆಮೆನ್' ಹಾಡಿದ. ನಾನೂರು ಸಾಕ್ಷಿಗಳ ಎದುರು.

ಹೊರಗೆ ಮೆಟ್ಟಿಲ ಮೇಲೆ ಡೆಲಿತ್ ಮುದುಕಿಯ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಳು.

"ನನಗೋಸ್ಕರ ಮೂರು ಸಲ ಹಾಡಿಸಿದ್ರಲ್ಲ ತಾಯೀ! ಮನೆ ಉಳೀತು!"

"ಯಾವ ಮನೆ?" ಮೇಡಂ ಟೆಗ್ವೆನ್ ಕೈ ಕಿತ್ತುಕೊಂಡರು. "ಬೇಸ್ ಸಾಲು ಪೂರ್ತಿ ಶ್ರುತಿ ಬಿಟ್ಟಿತ್ತು ಕಣೇ! ಆ ಮೂರನೆಯವನು ಬಾಗಿಲು ನೋಡ್ಕೊಂಡು ಹಾಡ್ತಿದ್ದ!"

ಮಾಲ್ಡ್‌ವಿನ್ ನನ್ನ ಪಕ್ಕದಲ್ಲೇ ಹಾದುಹೋದ. ಕಿವಿಯ ಹತ್ತಿರ ಪೆಪ್ಪರ್‌ಮಿಂಟ್ ವಾಸನೆ.

"ನಿನ್ನ ಲೀಸೂ ನನ್ನ ಕಪಾಟಲ್ಲೇ ಇದೆ ಇಡ್ವಾಲ್. ಅದೇ ಬೀದಿ, ಏಳನೇ ನಂಬರು. ಇನ್ನು ಆರು ವರ್ಷ."

"ಗೊತ್ತು."

ಅವನು ಹೋದ. ಖಾಲಿಯಾದ ಚಾಪೆಲ್‌ನೊಳಗೆ ವಾಪಸ್ ಹೋಗಿ ಮಂಡಿಯೂರಿದೆ. ಮಾಲ್ಡ್‌ವಿನ್‌ಗೆ ಒಳ್ಳೆಯ ಆರೋಗ್ಯ ಕೊಡು ದೇವರೇ, ಇನ್ನೂ ಆರು ವರ್ಷ ಅವನ ಗಂಟಲು ಕೆಡದಿರಲಿ, ಇದೇ ಮೂರನೆಯ ಜಾಗದಲ್ಲಿ ನಿಂತು ಹಾಡುತ್ತಿರಲಿ ಅಂತ ಮನಸಾರೆ ಬೇಡಿಕೊಂಡೆ.