ಮರಳುಗಾಡಿಗೆ ಬಂದ ಆಳೆತ್ತರದ ಕನ್ನಡಿ

“ಅಮ್ಮ, ನಿಲ್ಸು. ಅಲ್ನೋಡು ಒಂಟೆ. ಮರೀನೂ ಇದೆ.”

“ನೋಡ್ಕೋ. ಗಾಡಿ ಓಡ್ತಿದ್ರೂ ಒಂಟೆ ಕಾಣುತ್ತೆ.”

“ಐದೇ ನಿಮಿಷ ಅಮ್ಮ.”

“ಹಿಂದೆ ಗಾಜಿದೆ. ಗಾಜಿರೋವಾಗ ಕಂಡಕಂಡಲ್ಲಿ ಬ್ರೇಕ್ ಹಾಕೋ ಹಾಗಿಲ್ಲ.”

ಪೀಪಿ ಮುಖ ಉಬ್ಬಿಸಿಕೊಂಡು ಕಿಟಕಿಗೆ ಹಣೆ ಒತ್ತಿದಳು. ಒಂಟೆಯೂ ಮರಿಯೂ ಹಿಂದಕ್ಕೆ ಸರಿದು, ಎರಡು ಚುಕ್ಕೆಯಾಗಿ, ಆಮೇಲೆ ಕಾಣದೇ ಹೋದವು.

ಅವಳ ನಿಜವಾದ ಹೆಸರು ಇದ್ದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಕೂಸಾಗಿದ್ದಾಗ ಅವಳು ಅತ್ತರೆ ಮೂರು ಮನೆಯಾಚೆಗೂ ಪೀಪಿ ಊದಿದ ಹಾಗೆ ಕೇಳಿಸುತ್ತಿತ್ತಂತೆ. ಈಗ ಅವಳಿಗೆ ಹತ್ತು ವರ್ಷ. ಅಳುವುದು ಕಡಿಮೆಯಾಗಿತ್ತು, ಹೆಸರು ಮಾತ್ರ ಅಂಟಿಕೊಂಡಿತ್ತು.

ಅಮ್ಮನದು ಗಾಜಿನ ಅಂಗಡಿ. ಕಿಟಕಿಗೆ, ಕಪಾಟಿಗೆ, ಬಚ್ಚಲಮನೆಗೆ, ಯಾರಿಗೆ ಎಷ್ಟಳತೆಯ ಗಾಜು ಬೇಕೋ ಕೊಯ್ದು, ತನ್ನ ಪುಟ್ಟ ಬಿಳಿ ಪಿಕಪ್‌ನಲ್ಲಿ ತಾನೇ ಒಯ್ದು ಕೂರಿಸಿ ಬರುತ್ತಿದ್ದಳು. ಗಾಡಿಯ ಮುಂದೆ ಎರಡೇ ಸೀಟು. ಈ ಸಲ ಶಾಲೆಗೆ ರಜೆ, ಬಸ್ ಓಡಿಸುವ ಅಪ್ಪನಿಗೆ ರಜೆ ಇಲ್ಲ. ಹಾಗಾಗಿ ಎರಡನೆಯ ಸೀಟು ಪೀಪಿಯ ಪಾಲಿಗೆ ಬಂದಿತ್ತು.

ಹೋಗುತ್ತಿದ್ದದ್ದು ಮರಳುಗಾಡಿನ ಆಚೆ ಇರುವ ಒಂದು ಚಿಕ್ಕ ಊರಿಗೆ. ನಾಲ್ಕು ಗಂಟೆಯ ದಾರಿ. ಅಲ್ಲಿ ಒಬ್ಬರು ದರ್ಜಿ ಅಜ್ಜಿ ಮರುದಿನ ಬೆಳಿಗ್ಗೆ ಹೊಸ ಅಂಗಡಿ ತೆರೆಯುವವರಿದ್ದರು. ಅವರ ಕನ್ನಡಿ ಪಿಕಪ್‌ನ ಹಿಂದೆ, ಕಬ್ಬಿಣದ ಚೌಕಟ್ಟಿಗೆ ಒರಗಿ ನಿಂತಿತ್ತು. ಅಮ್ಮನಿಗಿಂತ ಎತ್ತರ, ಬಾಗಿಲಷ್ಟು ಅಗಲ. ಮೈತುಂಬ ಕಂಬಳಿ ಹೊದ್ದು ಬೆಲ್ಟ್ ಬಿಗಿಸಿಕೊಂಡಿತ್ತು.

ಮರಳುಗಾಡು ಅಂದರೆ ಬರೀ ಮರಳು ಅಂದುಕೊಂಡಿದ್ದಳು ಪೀಪಿ. ಆದರೆ ಇಲ್ಲಿ ಒಂದೊಂದು ತಿರುವಿಗೂ ಬಣ್ಣ ಬೇರೆ. ಒಂದು ದಿಬ್ಬ ಬೆಲ್ಲದ ಬಣ್ಣ, ಇನ್ನೊಂದು ಗುಲಾಬಿ. ಗಾಳಿ ಬೀಸಿದರೆ ದಿಬ್ಬದ ನೆತ್ತಿಯಿಂದ ಮರಳು ಹೊಗೆಯಂತೆ ಏಳುತ್ತಿತ್ತು. ಪ್ರತಿ ಸಲವೂ ಅವಳು “ನಿಲ್ಸು” ಅನ್ನುವುದು, ಅಮ್ಮ “ಗಾಜಿದೆ” ಅನ್ನುವುದು.

‘ಅಮ್ಮನಿಗೆ ಇದೆಲ್ಲ ಕಾಣೋದೇ ಇಲ್ಲ,’ ಪೀಪಿ ಅಂದುಕೊಂಡಳು. ‘ರಸ್ತೆ ಬಿಟ್ಟರೆ ಗಾಜು, ಗಾಜು ಬಿಟ್ಟರೆ ರಸ್ತೆ.’

ಕೊನೆಗೆ ಗಾಡಿಯೇ ನಿಂತಿತು. ಇಂಜಿನ್ ಬಿಸಿಯಾಗಿತ್ತು. ಅಮ್ಮ ಒಂದು ಒಂಟಿ ಮರದ ನೆರಳಿಗೆ ಗಾಡಿ ತಂದು, ಬಾನೆಟ್ ಎತ್ತಿದಳು.

“ಆರೋವರೆಗೆ ಕಾಯ್ಬೇಕು. ಆಮೇಲೆ ನೀರು ಹಾಕ್ತೀನಿ. ನೀನು ದೂರ ಹೋಗ್ಬೇಡ.”

ಪೀಪಿ ದೂರ ಹೋಗಲಿಲ್ಲ. ಗಾಡಿಯ ಹಿಂದಕ್ಕೆ ಹೋದಳು, ಅಷ್ಟೇ.

ಅಷ್ಟು ದೊಡ್ಡ ಕನ್ನಡಿಯಲ್ಲಿ ಇಷ್ಟು ದೊಡ್ಡ ಮರಳುಗಾಡು ಹೇಗೆ ಕಾಣಬಹುದು? ಒಂದು ಸಲ ತಲೆಗೆ ಬಂದ ಮೇಲೆ ಆ ಯೋಚನೆ ಹೋಗಲೇ ಇಲ್ಲ. ಅವಳು ಮೆಲ್ಲಗೆ ಹತ್ತಿ, ಒಂದು ಬೆಲ್ಟ್ ಸಡಿಲಿಸಿ, ಕಂಬಳಿಯನ್ನು ಪರದೆಯ ಹಾಗೆ ಸರಿಸಿದಳು.

ಒಳಗೆ ಇನ್ನೊಂದು ಮರಳುಗಾಡಿತ್ತು. ಇನ್ನೊಂದು ಆಕಾಶ. ಮುಂದೆ ಒಬ್ಬಳು ಕೆದರಿದ ಕೂದಲಿನ ಹುಡುಗಿ. ಪೀಪಿ ಸಲ್ಯೂಟ್ ಹೊಡೆದಳು, ಅವಳೂ ಹೊಡೆದಳು. ಪೀಪಿ ಸೊಂಟ ಕುಣಿಸಿದಳು. ಇಬ್ಬರು ಹುಡುಗಿಯರು, ಎರಡು ಮರಳುಗಾಡು, ನೋಡುವವರು ಯಾರೂ ಇಲ್ಲ.

ಧಡ್ ಎಂದು ಬಾನೆಟ್ ಮುಚ್ಚಿದ ಸದ್ದಾಯಿತು.

ಅವಳು ಗಡಿಬಿಡಿಯಲ್ಲಿ ಕಂಬಳಿ ಎಳೆದಳು. ಆಗ ಕನ್ನಡಿಯ ಕೆಳಮೂಲೆಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಸಿದ್ದ ಬಟ್ಟೆಯ ಮಡಿಕೆಯೊಂದು ಜಾರಿ ಕೆಳಗೆ ಬಿತ್ತು. ಮತ್ತೆ ಸಿಕ್ಕಿಸಲು ಹೊತ್ತಿರಲಿಲ್ಲ. ‘ಇಷ್ಟೇ ಇಷ್ಟು ಬಟ್ಟೆ, ಅದರಿಂದೇನಾಗುತ್ತೆ,’ ಎಂದು ಅದನ್ನು ಕಾಲಿನಿಂದ ಆಚೆ ತಳ್ಳಿ, ಬೆಲ್ಟ್ ಎಳೆದು, ಕೆಳಗೆ ಹಾರಿದಳು.

ಮುಂದಿನ ರಸ್ತೆ ವಿಚಿತ್ರವಾಗಿತ್ತು. ಗಾಳಿಗೆ ಮರಳಿನ ಮೇಲೆ ಏಳುವ ಗೆರೆಗಳು ರಸ್ತೆಯ ಮೇಲೂ ಎದ್ದಿದ್ದವು. ಗಾಡಿ ನಿಧಾನಕ್ಕೆ ಹೋದರೂ ಗಡಗಡ ನಡುಗಿತು. ಮಾತೂ ನಡುಗಿತು.

“ಅ-ಅ-ಅಮ್ಮ, ನ-ನ-ನನ್ನ ಹ-ಹಲ್ಲು ಉ-ಉದುರುತ್ತೆ.”

“ಉ-ಉದುರಿದ್ರೆ ಹೆ-ಹೆಕ್ಕೋ.”

ಇಬ್ಬರೂ ನಕ್ಕರು. ನಗುವೂ ತುಂಡುತುಂಡಾಗಿ ಬಂತು. ಅದು ಇನ್ನೂ ತಮಾಷೆಯಾಗಿತ್ತು. ಅಮ್ಮ ಮಗ್ಗಿ ಶುರುಮಾಡಿದಳು. “ಎ-ಎರಡೊಂದ್ಲ ಎ-ಎರಡು.” ಪೀಪಿ ದನಿಗೂಡಿಸಿದಳು. ಎರಡೇಳ್ಲ ಹದಿನಾಲ್ಕಕ್ಕೆ ಬಂದಾಗ ಬೆನ್ನ ಹಿಂದೆ ಒಂದು ಸದ್ದಾಯಿತು.

ಟಿಕ್.

ಬಹಳ ಚಿಕ್ಕ ಸದ್ದು. ಅಮ್ಮ ಎರಡೆಂಟ್ಲ ಹದಿನಾರರಲ್ಲಿದ್ದಳು, ಅವಳಿಗೆ ಕೇಳಿಸಲಿಲ್ಲ. ಪೀಪಿಗೆ ಕೇಳಿಸಿತು.

ಅವಳು ಮಗ್ಗಿ ನಿಲ್ಲಿಸಿದಳು. ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಬೇರೇನೋ ಇರಬಹುದು. ಕಲ್ಲು ಸಿಡಿದಿರಬಹುದು. ಬೆಲ್ಟಿನ ಕೊಂಡಿ ಇರಬಹುದು.

ರಸ್ತೆ ಇಳಿದು ಬಯಲಿಗೆ ಬಂತು. ನೋಡಿದಷ್ಟು ದೂರವೂ ಬೆಳ್ಳಗೆ, ಹಾಸಿದ ಕಾಗದದಂತಹ ನೆಲ.

“ಪೀಪಿ, ಉಪ್ಪಿನ ಬಯಲು ನೋಡು. ಇದಕ್ಕೂ ನಿಲ್ಸು ಅನ್ನಲ್ವಾ?”

ಪೀಪಿ ನೋಡಿದಳು. ಅದು ಚೆನ್ನಾಗಿದೆ ಎಂದು ಗೊತ್ತಾಗುತ್ತಿತ್ತು, ಚೆನ್ನಾಗಿದೆ ಅನಿಸುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡ ಬಿಸ್ಕೆಟ್ ಮಣ್ಣಿನ ಹಾಗಿತ್ತು.

“ಏನೇ, ಪೀಪಿ ಊದ್ತಾನೇ ಇಲ್ಲ?”

“ಅಮ್ಮ, ನಿಲ್ಸು.”

“ಅಂತೂ ಬಂತು. ಏನು, ಒಂಟೆನಾ?”

“ಅಲ್ಲ,” ಪೀಪಿ ಅಂದಳು. “ಗಾಜು.”

ಅಮ್ಮ ಅವಳ ಮುಖ ನೋಡಿದಳು. ಬ್ರೇಕ್ ಮೆಲ್ಲಗೆ, ತೀರಾ ಮೆಲ್ಲಗೆ ಒತ್ತಿದಳು.

ಕಂಬಳಿ ತೆಗೆದಾಗ ಅದು ಕಾಣಿಸಿತು. ಕೆಳಮೂಲೆಯಿಂದ ಮೇಲಕ್ಕೆ, ಒಂದು ಗೇಣುದ್ದದ ಬಿರುಕು. ಕೂದಲೆಳೆಯಷ್ಟು ತೆಳು.

ಪೀಪಿ ಎಲ್ಲ ಹೇಳಿದಳು. ಕಂಬಳಿ ಸರಿಸಿದ್ದು, ಸಲ್ಯೂಟ್ ಹೊಡೆದದ್ದು, ಬಟ್ಟೆ ಬಿದ್ದದ್ದು, ಬಿದ್ದದ್ದನ್ನು ನೋಡಿಯೂ ಬಿಟ್ಟದ್ದು. ಟಿಕ್ ಎಂದದ್ದು ಕೇಳಿಯೂ ಅಷ್ಟು ಹೊತ್ತು ಸುಮ್ಮನಿದ್ದದ್ದು.

ಅಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಇನ್ನೊಂದು ಸುತ್ತು ಹಾಕಿದಳು.

“ಅಮ್ಮ, ತುಂಬಾ ಕೋಪ ಬಂದಿದೆಯಾ?”

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

ಹೇಳಿದ್ದೇ ತಡ, ಇಬ್ಬರ ಕಣ್ಣೂ ತಾವಾಗಿಯೇ ಎದುರಿನ ಕನ್ನಡಿಗೆ ಹೋದವು. ಅಲ್ಲಿ ಅಮ್ಮನ ಕೆನ್ನೆಯ ಮೇಲೆ ಇಂಜಿನ್ನಿನ ಕರಿ, ಮೂಗಿನ ತುದಿಯಲ್ಲಿ ಮರಳು. ಪಕ್ಕದಲ್ಲಿ ತುಟಿ ನಡುಗಿಸುತ್ತ ನಿಂತ ಪೀಪಿ. ಅಮ್ಮ ನಗು ತಡೆಯಲು ನೋಡಿದಳು, ಆಗಲಿಲ್ಲ.

“ಕೋಪ ಹೋಗಿಲ್ಲ, ಇದೆ,” ಎಂದಳು ನಗುತ್ತಲೇ. “ಸಂಜೆವರೆಗೂ ಇರುತ್ತೆ. ಈಗ ಕೆಲಸ. ಹೀಗೇ ಹೋದ್ರೆ ಮುಂದಿನ ಗುಂಡಿಗೆ ಬಿರುಕು ಮೇಲಿನವರೆಗೂ ಓಡುತ್ತೆ. ಇಲ್ಲೇ ಕೊಯ್ಯಬೇಕು.”

“ಇಲ್ಲಿ? ಮೇಜೇ ಇಲ್ಲ.”

ಅಮ್ಮ ಬಿಳಿಯ ಬಯಲಿನ ಮೇಲೆ ಕೈಯಾಡಿಸಿ ತೋರಿಸಿದಳು. “ಇಷ್ಟು ಮಟ್ಟಸವಾದ ಮೇಜು ನನ್ನ ಅಂಗಡೀಲೂ ಇಲ್ಲ.”

ನೆಲದ ಮೇಲೆ ಕಂಬಳಿ ಹಾಸಿದರು. ಅಮ್ಮ ದಪ್ಪ ಕೈಗವಸು ಹಾಕಿಕೊಂಡು ಭಾರವನ್ನೆಲ್ಲ ತಾನೇ ಹೊತ್ತು, ಪೀಪಿ ಇನ್ನೊಂದು ತುದಿ ಹಿಡಿದು, ಕನ್ನಡಿಯನ್ನು ಕೆಳಗಿಳಿಸಿ ಅಂಗಾತ ಮಲಗಿಸಿದರು. ಮಲಗಿದ ಕೂಡಲೇ ಅದರ ತುಂಬ ಆಕಾಶ ತುಂಬಿಕೊಂಡಿತು. ಬಿಳಿಯ ನೆಲದಲ್ಲಿ ಒಂದು ನೀಲಿಯ ಬಾಗಿಲು ತೆರೆದಂತಾಯಿತು. ಒಂದು ಹಕ್ಕಿ ಈ ಅಂಚಿನಲ್ಲಿ ಹೊಕ್ಕು ಆ ಅಂಚಿನಲ್ಲಿ ಹೊರಟುಹೋಯಿತು.

“ಬಿರುಕಿಗಿಂತ ಎರಡು ಬೆರಳು ಮೇಲೆ,” ಎಂದು ಅಮ್ಮ ಅಳತೆ ಮಾಡಿ ಗುರುತು ಹಾಕಿದಳು. ಗುರುತಿನ ಮೇಲೆ ಉದ್ದನೆಯ ಮರದ ಪಟ್ಟಿ ಇಟ್ಟಳು. “ಆ ತುದಿ ಒತ್ತಿ ಹಿಡ್ಕೋ. ಪಟ್ಟಿ ಒಂದು ನೂಲೂ ಜರುಗಬಾರದು.”

“ಉಸಿರಾಡಬಹುದಾ?”

“ಸ್ವಲ್ಪ.”

ಅಷ್ಟರಲ್ಲಿ ಗಾಳಿ ಬೀಸಿತು. ಕನ್ನಡಿಯ ಮೇಲೆ ಮರಳಿನ ಕಣಗಳು ಸಿಡಿದವು. ಅಮ್ಮ ಕೈ ತಡೆದಳು. ಮರಳಿದ್ದರೆ ಗೆರೆ ಹಾದಿ ತಪ್ಪುತ್ತದೆ. ಪೀಪಿ ತನ್ನ ಅಂಗಿಯ ತೋಳಿನಿಂದ ಒರೆಸಿದಳು. ಮತ್ತೆ ಗಾಳಿ, ಮತ್ತೆ ಮರಳು. ಮತ್ತೆ ಒರೆಸಿದಳು. ನಾಲ್ಕನೆಯ ಸಲ ಗಾಳಿಗೇ ಬೇಸರವಾಯಿತೋ ಏನೋ, ತಣ್ಣಗಾಯಿತು.

ಸರ್ರ್ ಎಂದು ಗಾಜು ಕೊಯ್ಯುವ ಕಟರ್ ಒಂದೇ ಉಸಿರಿಗೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಅಮ್ಮ ಪಟ್ಟಿಯನ್ನು ಗಾಜಿನ ಅಡಿಗೆ, ಗೆರೆಯ ನೇರಕ್ಕೆ ಸರಿಸಿ, ಎರಡೂ ಕೈಯಿಂದ ಒತ್ತಿದಳು.

ಟಕ್. ಬಿರುಕಿದ್ದ ತುಂಡು ನೇರವಾಗಿ ಕಳಚಿಕೊಂಡಿತು.

“ಬಂತು,” ಎಂದಳು ಅಮ್ಮ. ಪೀಪಿ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಜೋರಾಗಿ ಬಿಟ್ಟಳು.

ಈ ಸಲ ಮೂಲೆಮೂಲೆಗೂ ಬಟ್ಟೆ ಸಿಕ್ಕಿಸಿದ್ದು ಪೀಪಿ. ಅಮ್ಮ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, “ಹ್ಞೂಂ” ಎಂದಳು. ಗಾಡಿ ಹೊರಟ ಮೇಲೆ ಉಪ್ಪಿನ ಬಯಲು ನಿಜವಾಗಿಯೂ ಚೆನ್ನಾಗಿ ಕಾಣಿಸಿತು. ಉಳಿದ ಬಿಸ್ಕೆಟ್‌ಗಳೂ ಬಿಸ್ಕೆಟ್‌ನ ಹಾಗೇ ಇದ್ದವು.

ಊರು ಸೇರಿದಾಗ ಬಿಸಿಲು ಇಳಿಮುಖವಾಗಿತ್ತು. ದರ್ಜಿ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಕತ್ತಿನಲ್ಲಿ ಅಳತೆ ಟೇಪು, ಕಾಲರಿನಲ್ಲಿ ಸಾಲಾಗಿ ಗುಂಡುಸೂಜಿ.

“ನೀನೇ ಹೇಳು,” ಅಮ್ಮ ಪೀಪಿಗೆ ಮೆಲ್ಲಗೆ ಹೇಳಿದಳು.

ಪೀಪಿ ತನ್ನ ಕಾಲ್ಬೆರಳು ನೋಡುತ್ತ ಹೇಳಿದಳು. “ಅಜ್ಜಿ, ಕನ್ನಡಿ ಒಂದು ಗೇಣು ಕಮ್ಮಿ ಇದೆ. ಜೊತೆಗೆ ಎರಡು ಬೆರಳು. ಮರಳುಗಾಡು ಹೇಗೆ ಕಾಣುತ್ತೆ ಅಂತ ಕಂಬಳಿ ಸರಿಸಿದೆ, ನನ್ನಿಂದ ಬಿರುಕು ಬಿಟ್ಟಿತು.”

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಟೇಪು ತೆಗೆದು ಕನ್ನಡಿ ಅಳೆದರು, ಗೋಡೆ ಅಳೆದರು. ಯಾಕೋ ಪೀಪಿಯನ್ನೂ ಅಳೆದರು.

“ಲಂಗ ಒಂದು ಗೇಣು ಗಿಡ್ಡ ಆದ್ರೆ ನಾನೇನು ಮಾಡ್ತೀನಿ ಗೊತ್ತಾ?”

“ಎಸೀತೀರಾ?”

“ಎಸೆದರೆ ನಾನೆಂಥ ದರ್ಜಿ. ಕೆಳಗಿನ ಮಡಿಕೆ ಬಿಚ್ಚಿ ಇಳಿಸ್ತೀನಿ. ಇದನ್ನೂ ಕೆಳಗಿಳಿಸಿ ಕೂರಿಸಿ.”

ಅಮ್ಮ ಕನ್ನಡಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ ಕೂರಿಸಿದಳು. ಅಜ್ಜಿ ಎದುರು ನಿಂತು ತಲೆಯಿಂದ ಪಾದದವರೆಗೂ ತಮ್ಮನ್ನು ನೋಡಿಕೊಂಡರು.

“ಇಷ್ಟು ವರ್ಷ ಕನ್ನಡಿ ಇರ್ಲಿಲ್ಲ, ಬಟ್ಟೆ ಹೇಗಿದೆ ಅಂತ ಗಿರಾಕಿಗಳು ಕೇಳಿದ್ರೆ ನಾನು ಹೇಳಿದ್ದೇ ಮಾತು. ಇನ್ಮೇಲೆ ಸುಳ್ಳು ಹೇಳೋ ಹಾಗಿಲ್ಲ,” ಎಂದರು. “ಇದರಲ್ಲಿ ತಲೆ ಹಿಡಿಸದಷ್ಟು ಉದ್ದ ಇರೋನು ಈ ಊರಲ್ಲಿ ಪೋಸ್ಟ್‌ಮನ್ ಒಬ್ಬನೇ. ಬಗ್ಗಲಿ ಬಿಡು.” ಆಮೇಲೆ ಪೀಪಿಯ ಕಡೆ ವಾಲಿ ಕೇಳಿದರು, “ಅಂದ ಹಾಗೆ, ಮರಳುಗಾಡು ಕನ್ನಡೀಲಿ ಹೇಗಿತ್ತು?”

“ಎರಡಿತ್ತು,” ಪೀಪಿ ಹೇಳಿದಳು.

ಆ ದಿನ ಅಜ್ಜಿಯ ಮನೆಯಲ್ಲೇ ಉಳಿದರು. ಬೆಳಿಗ್ಗೆ ಹೊಸ ಅಂಗಡಿಯ ಮೊದಲ ಗಿರಾಕಿಗಳು ಕನ್ನಡಿಯ ಎದುರು ಹಿಂದೆ ಮುಂದೆ ತಿರುಗುವುದನ್ನು ನೋಡಿಕೊಂಡು ಹೊರಟರು.

ಖಾಲಿ ಗಾಡಿ ಹಗುರಾಗಿ ಓಡಿತು. ಒಂದು ಗಂಟೆ ಕಳೆದಿರಬೇಕು. ಎಲ್ಲಕ್ಕಿಂತ ಎತ್ತರದ ದಿಬ್ಬದ ಬಳಿ ಅಮ್ಮ ಗಾಡಿಯನ್ನು ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿದಳು.

“ಮತ್ತೆ ಬಿಸಿಯಾಯ್ತಾ?”

“ಇಲ್ಲ.”

ಅಮ್ಮ ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಿಚಿಕೊಂಡು, ದಿಬ್ಬ ಹತ್ತತೊಡಗಿದಳು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಪೀಪಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಅವಳೂ ಹಿಂದೆ ಓಡಿದಳು. ನೆತ್ತಿಯ ಮೇಲೆ ಅಮ್ಮ ಕುಳಿತಳು, ಕೈಯಿಂದ ಒಮ್ಮೆ ತಳ್ಳಿಕೊಂಡಳು, ಕಿರುಚುತ್ತ ಕೆಳಗಿನವರೆಗೂ ಜಾರಿದಳು. ಅಂಗಡಿಯಲ್ಲಿ ಗಿರಾಕಿಗಳೊಂದಿಗೆ ಮೆಲ್ಲಗೆ ಮಾತಾಡುವ ಅಮ್ಮನಿಗೆ ಇಂಥ ದನಿ ಇದೆಯೆಂದು ಪೀಪಿಗೆ ಗೊತ್ತೇ ಇರಲಿಲ್ಲ. ಅವಳೂ ಜಾರಿದಳು. ಇಬ್ಬರೂ ಕೆಳಗೆ ಬಿದ್ದುಕೊಂಡು ಬಾಯಿಂದ ಮರಳು ಉಗುಳಿದರು.

“ನೀನು ಈ ದಾರೀಲಿ ಎಷ್ಟು ಸಲ ಬಂದಿದೀಯ?” ಪೀಪಿ ಕೇಳಿದಳು.

“ಇದಕ್ಕೆ ಮುಂಚೆ ಹನ್ನೆರಡು ಸಲ.”

“ಪ್ರತಿ ಸಲ ಇಲ್ಲಿ ಜಾರ್ತೀಯಾ?”

“ಇದೇ ಮೊದಲು.”

“ಬರೋವಾಗ ಗಾಜಿರುತ್ತೆ ಸರಿ. ವಾಪಸ್ ಹೋಗೋವಾಗ?”

ಅಮ್ಮ ಕೂದಲಿನಿಂದ ಮರಳು ಕೊಡವಿಕೊಳ್ಳುತ್ತಿದ್ದಳು. “ನೀನು ಸ್ಕೂಲ್ ಬಿಟ್ಟು ಬರೋದ್ರೊಳಗೆ ಮನೆ ಸೇರ್ಬೇಕಿತ್ತಲ್ಲ,” ಎಂದಳು, ದೊಡ್ಡ ವಿಷಯವೇನಲ್ಲ ಎಂಬಂತೆ.

ಶಾಲೆಯಿಂದ ಬರುವಾಗ ಪೀಪಿ ಯಾವತ್ತೂ ಬೀಗ ಹಾಕಿದ ಬಾಗಿಲು ನೋಡಿದ್ದಿಲ್ಲ. ಆ ದಿನಗಳಲ್ಲಿ ಹನ್ನೆರಡು ದಿನ ಅಮ್ಮ ನಸುಕಿಗೇ ಹೊರಟು, ಇಲ್ಲಿಂದ ವಾಪಸ್ ಬಂದು ಬಾಗಿಲು ತೆರೆದಿದ್ದಳು. ಹನ್ನೆರಡು ಸಲ ಈ ದಿಬ್ಬ ಪಕ್ಕದಲ್ಲೇ ಹಾದುಹೋಗಿತ್ತು.

ಅಮ್ಮ ಎದ್ದು ಗಾಡಿಯ ಕಡೆ ಹೊರಟಳು. ಪೀಪಿ ಓಡಿಹೋಗಿ ಅವಳ ಚಪ್ಪಲಿಗಳನ್ನು ಎತ್ತಿ ಬೆನ್ನ ಹಿಂದೆ ಹಿಡಿದುಕೊಂಡಳು.

“ಇನ್ನೊಂದು ಸಲ ಜಾರು ಹೋಗಮ್ಮ,” ಎಂದಳು. “ನಾನಿಲ್ಲಿ ಕಾಯ್ತೀನಿ. ನನಗೇನೂ ಆತುರ ಇಲ್ಲ.”

ಅಮ್ಮ ಅವಳನ್ನು ನೋಡಿದಳು. ದಿಬ್ಬವನ್ನು ನೋಡಿದಳು. ಮತ್ತೆ ಪ್ಯಾಂಟ್ ಮಡಿಚಿಕೊಂಡಳು.